ಸಾರಸದ ಮನೆಯಲ್ಲಿ ಮಾತಾಡೋ ಹಾಗಿಲ್ಲ

ನನ್ನ ಬಾಯಿ ದೊಡ್ಡದು. ಬೇರೆಯವರು ಹೇಳೋಕೆ ಮುಂಚೆ ನಾನೇ ಹೇಳಿಬಿಡ್ತೀನಿ, ಅವರಿಗೂ ಶ್ರಮ ತಪ್ಪಲಿ. ಮನೆಯಲ್ಲಿ ನನ್ನನ್ನ ಕರೆಯೋದೇ ಬಾಯಿಬಡುಕಿ ಅಂತ. ನಾನು ಹುಟ್ಟಿದಾಗ ಅಳಿಸೋಕೆ ಡಾಕ್ಟರು ಬೆನ್ನು ತಟ್ಟಬೇಕಾಗೇ ಇರಲಿಲ್ಲವಂತೆ, ತಲೆ ಆಚೆ ಬರ್ತಿದ್ದ ಹಾಗೇ ಜಗಳ ಶುರು ಮಾಡಿದ್ದೆನಂತೆ. ಇದು ಚಿಕ್ಕಮ್ಮ ಹೇಳೋದು. ಚಿಕ್ಕಮ್ಮ ಹೇಳಿದ್ದರಲ್ಲಿ ಅರ್ಧ ತೆಗೆದುಹಾಕಬೇಕು, ಆದರೂ ಇದನ್ನ ಕೇಳಿದವರು ಯಾರೂ ಇಲ್ಲಿವರೆಗೆ ‘ಹೌದಾ?’ ಅಂತ ಆಶ್ಚರ್ಯಪಟ್ಟಿಲ್ಲ. ಒಂಬತ್ತನೇ ಕ್ಲಾಸಿಗೆ ಬಂದ ಮೊದಲ ವಾರವೇ ವಿಜ್ಞಾನದ ಮೇಷ್ಟ್ರು ನನ್ನನ್ನ ಅವರ ಮೇಜಿನ ಪಕ್ಕದ ಬೆಂಚಿಗೆ ಕರೆಸಿಕೊಂಡ್ರು. ಪ್ರೀತಿಗಲ್ಲ.

ಇಂಥ ನನ್ನನ್ನ ಹೆತ್ತ ಅಮ್ಮನ ಕೆಲಸ ಏನು ಗೊತ್ತಾ? ಬಾಯಿ ಮುಚ್ಚಿಕೊಂಡಿರೋದು. ತಮಾಷೆ ಅಲ್ಲ, ಸಂಬಳ ಕೊಡೋದೇ ಅದಕ್ಕೆ. ನಮ್ಮೂರಿಂದ ಮೂರು ಗಂಟೆ ದಾರಿಯಲ್ಲಿ ಒಂದು ದೊಡ್ಡ ವನ್ಯಜೀವಿ ಉದ್ಯಾನ ಇದೆ. ಅದರ ಹಿಂಭಾಗದಲ್ಲಿ, ಕೆರೆ ಪಕ್ಕ, ಸಾರಸದ ಮನೆ. ಗೂಡು ಮುಳುಗಿಯೋ, ತಾಯಿ ಸತ್ತೋ ದಿಕ್ಕಿಲ್ಲದ ಸಾರಸ ಹಕ್ಕಿಯ ಮೊಟ್ಟೆಗಳನ್ನ ತಂದು ಅಲ್ಲಿ ಮರಿ ಮಾಡಿಸ್ತಾರೆ. ಮರಿ ಕಣ್ಣು ಬಿಟ್ಟಾಗ ಯಾರನ್ನ ನೋಡುತ್ತೋ ಅವರೇ ಅದಕ್ಕೆ ತಾಯಿ. ಮನುಷ್ಯರನ್ನ ನೋಡಿಬಿಟ್ಟರೆ ಮುಗೀತು, ಜನ್ಮವಿಡೀ ಮನುಷ್ಯರ ಹಿಂದೆ ಸುತ್ತುತ್ತೆ, ಕಾಡಿಗೆ ಬಿಟ್ಟರೆ ಬದುಕಲ್ಲ. ಅದಕ್ಕೇ ಅಮ್ಮ ತಲೆಯಿಂದ ಮೊಣಕಾಲಿನವರೆಗೆ ಬಿಳಿ ನಿಲುವಂಗಿ ಹಾಕ್ಕೋಬೇಕು. ಮುಖಕ್ಕೆ ಬಲೆ. ಬಲಗೈಗೆ ಸಾರಸದ ಬೊಂಬೆ ತಲೆ, ಅದಕ್ಕೊಂದು ಉದ್ದ ಕೊಕ್ಕು. ಆ ಕೊಕ್ಕಲ್ಲೇ ತಿನ್ನಿಸಬೇಕು, ಆ ಕೊಕ್ಕಲ್ಲೇ ಮುದ್ದು ಮಾಡಬೇಕು. ಕೆಮ್ಮು ಬಂದರೂ ನುಂಗಬೇಕು, ಯಾಕಂದ್ರೆ ಮನುಷ್ಯರ ದನಿ ಮರಿಯ ಕಿವಿಗೆ ಬೀಳಬಾರದು.

ಅಪ್ಪ ಹೋದಾಗ ನನಗೆ ಹಾಲುಹಲ್ಲು ಬೀಳೋ ವಯಸ್ಸು. ಅಮ್ಮ ಆಗ ಸಿನಿಮಾ ಮಂದಿರದ ಟಿಕೆಟ್ ಕಿಂಡಿಯಲ್ಲಿ ಕೂರ್ತಿದ್ದಳು. ಕಿಂಡಿ ಮುಂದೆ ಬಂದವರೆಲ್ಲ ಟಿಕೆಟ್ ತಗೊಂಡು ಸುಮ್ಮನೆ ಹೋಗ್ತಿರಲಿಲ್ಲವಂತೆ. “ಹೇಗಾಯ್ತಮ್ಮಾ? ಅಯ್ಯೋ ಪಾಪ, ಎಷ್ಟು ವಯಸ್ಸಾಗಿತ್ತು? ಮಗು ಒಂದೇನಾ?” ಅಂತ ಕೇಳಿ, ಹಿಂದೆ ನಿಂತವರಿಗೂ ವಿಷಯ ತಿಳಿಸಿ, ಆಮೇಲೆ ಹಾಡು-ಕುಣಿತ ನೋಡೋಕೆ ಒಳಗೆ ಹೋಗ್ತಿದ್ರಂತೆ. ಅಮ್ಮನಿಗೆ ಮಾತು ಅಂದ್ರೇ ವಾಕರಿಕೆ ಬರೋ ಹಾಗಾಯ್ತು. ಅದೇ ಹೊತ್ತಿಗೆ ಸಾರಸದ ಮನೆಯ ಕೆಲಸ ಸಿಕ್ಕಿತು. ನನ್ನನ್ನ ತಂಗಿಯ ಮಡಿಲಿಗೆ ಹಾಕಿ ಹೊರಟುಬಿಟ್ಟಳು. ಮರಿಗಳು ಬಲಿತು ಹಾರಿಹೋದ ಮೇಲೆ ಎರಡು ತಿಂಗಳು ಮನೆಗೆ ಬರ್ತಾಳೆ. ಮಿಕ್ಕ ದಿನ ನಮ್ಮಿಬ್ಬರ ನಡುವೆ ಇರೋದು ಭಾನುವಾರದ ಫೋನು. ನಾನು ಹೇಳ್ತೀನಿ, ಅವಳು ಹೂಂಗುಡ್ತಾಳೆ. ವಾರವಿಡೀ ಬಳಸದ ಗಂಟಲು, ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ ಅನ್ನುತ್ತೆ. “ಹೂಂ... ಇನ್ನೂ ಹೇಳು” ಅಂತಾಳೆ. ಆ ‘ಇನ್ನೂ ಹೇಳು’ಗೋಸ್ಕರ ನಾನು ಸೋಮವಾರದಿಂದಲೇ ಸುದ್ದಿ ಕೂಡಿಡ್ತೀನಿ.

ಈ ವರ್ಷ ಚಿಕ್ಕಪ್ಪನಿಗೆ ವರ್ಗ ಆಯ್ತು. ಅವರದ್ದು ರೈಲ್ವೆಯ ಪಾರ್ಸಲ್ ಆಫೀಸು. ಎತ್ತಿ ಹಾಕಿದ್ದು ಸಮುದ್ರದ ದಡದ ಒಂದು ಬಂದರಿಗೆ, ಇಲ್ಲಿಂದ ಒಂದು ಹಗಲು ಒಂದು ರಾತ್ರಿಯ ಪ್ರಯಾಣ. ಪರೀಕ್ಷೆ ಮುಗಿದ ಕೂಡಲೇ ಹೊರಡಬೇಕು. ಚಿಕ್ಕಮ್ಮ ಮನೆಯಲ್ಲೇ ಬಟ್ಟೆ ಹೊಲೀತಾಳೆ, ತುಟಿ ಮಧ್ಯೆ ಯಾವಾಗಲೂ ನಾಕಾರು ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಅಂದಳು, “ನೀನೂ ನಮ್ಮ ಜೊತೆ ಬರ್ತೀಯ. ಅದರಲ್ಲೇನು ಕೇಳೋದು?”

ಕೇಳೋದು ಇತ್ತು. ಇಲ್ಲಿಂದ ಅಮ್ಮ ಮೂರು ಗಂಟೆ ದೂರ. ಅಲ್ಲಿಂದ ಆದರೆ ನಡುವೆ ಇಡೀ ಭೂಪಟ. ನನಗೆ ಸಮುದ್ರ ಬೇಡ, ಅಮ್ಮ ಬೇಕು. ಸಾರಸದ ಮನೆಗೆ ಅಂಟಿಕೊಂಡೇ ಕೆಲಸದವರ ಮನೆಗಳಿವೆ, ಅಮ್ಮನ ಪಾಲಿಗೆ ಎರಡು ಕೋಣೆ ಸಿಕ್ಕಿದೆ, ಹತ್ತಿರದ ಊರಲ್ಲಿ ಹೈಸ್ಕೂಲೂ ಇದೆ. ಆ ಭಾನುವಾರ ಫೋನಲ್ಲಿ ಕೇಳಿಯೇಬಿಟ್ಟೆ. “ಅಮ್ಮ, ನಾನು ನಿನ್ನ ಹತ್ರ ಬಂದು ಇದ್ದುಬಿಡ್ಲಾ?”

ಆ ಕಡೆ ಅಮ್ಮ ಎದ್ದು ಬಾಗಿಲು ಮುಚ್ಚಿದ ಸದ್ದು ಕೇಳಿಸ್ತು. ಆಮೇಲೆ, “ನೋಡೋಣ.”

ನಮ್ಮ ಮನೆಯಲ್ಲಿ ‘ನೋಡೋಣ’ ಅಂದ್ರೆ ‘ಇಲ್ಲ’ ಅಂತ. ಸೈಕಲ್ಲಿಗೆ ನೋಡೋಣ ಅಂದಿದ್ರು, ನಾಯಿಮರಿಗೂ ನೋಡೋಣ ಅಂದಿದ್ರು. ಎರಡನ್ನೂ ನಾನಿನ್ನೂ ನೋಡಿಲ್ಲ.

ಮಾರನೇ ವಾರ ನಾನು ಸ್ನಾನಕ್ಕೆ ಹೋಗಿದ್ದಾಗ ಅಮ್ಮನ ಫೋನು ಬಂತು. ಚಿಕ್ಕಮ್ಮ ಸ್ಪೀಕರಿಗೆ ಹಾಕಿ, ಕೈಲಿ ತೋಳು ಹೊಲೀತಾ ಮಾತಾಡ್ತಿದ್ದಳು. ಬಚ್ಚಲಿಗೂ ಕೇಳಿಸ್ತು. “ಹೇಗೆ ಇಟ್ಟುಕೊಳ್ಳಲೇ ಅವಳನ್ನ ಇಲ್ಲಿ? ಗೋಡೆಯಾಚೆಗೇ ಮರಿಗಳು. ಎರಡು ನಿಮಿಷ ಬಾಯಿ ಮುಚ್ಚಿಕೊಂಡಿರೋ ಹುಡುಗೀನಾ ಅದು?” ಅಂದಳು ಅಮ್ಮ. ಚಿಕ್ಕಮ್ಮ ನಕ್ಕಳು. ಅಮ್ಮನೂ ನಕ್ಕಳೇನೋ, ಕಿರ್ ಅಂತು.

ನನಗೆ ಮೈಯೆಲ್ಲ ಉರಿದುಹೋಯ್ತು. ಆಮೇಲೆ ತಲೆ ಮೇಲೆ ಒಂದು ಚೊಂಬು ನೀರು ಹೊಯ್ದುಕೊಂಡಾಗ ಬೇರೇನೋ ಹೊಳೀತು. ಅಂದ್ರೆ ಅಮ್ಮನಿಗೆ ನಾನು ಬೇಡ ಅಂತಲ್ಲ! ಅಡ್ಡ ಇರೋದು ನನ್ನ ಬಾಯಿ ಒಂದೇ. ಬಾಯಿ ತಾನೇ? ಮುಚ್ಚಿ ತೋರಿಸ್ತೀನಿ, ಅದೇನು ಮಹಾ.

ಮುಚ್ಚಿ ತೋರಿಸೋಕೆ ದಿನವೂ ಗೊತ್ತಾಗಿತ್ತು. ಪ್ರತಿ ವರ್ಷ ಒಂಬತ್ತನೇ ಕ್ಲಾಸಿನವರನ್ನ ಆ ಉದ್ಯಾನಕ್ಕೇ ಕರ್ಕೊಂಡು ಹೋಗೋದು. ಸಾರಸದ ಮನೆಗೂ ಒಂದು ಸುತ್ತು ಇರುತ್ತೆ, ಅಲ್ಲಿ ಗೋಡೆಯ ಸಂದಿಯಿಂದ ನೋಡಬಹುದು. ಇಡೀ ದಿನ, ಬೆಳಿಗ್ಗೆ ಬಸ್ ಹತ್ತಿದಾಗಿಂದ ಸಂಜೆ ಇಳಿಯೋವರೆಗೆ, ತುಟಿ ಪಿಟಕ್ ಅನ್ನಬಾರದು ಅಂತ ನಿರ್ಧಾರ ಮಾಡಿದೆ. ಮೇಷ್ಟ್ರು ಸಾಕ್ಷಿ, ಗೆಳತಿ ಕಡ್ಡಿ ಸಾಕ್ಷಿ, ಮೂವತ್ತೆಂಟು ಮಕ್ಕಳು ಸಾಕ್ಷಿ. ಅಮ್ಮ ಕಣ್ಣಾರೆ ನೋಡಲಿ. ಆಮೇಲೆ ಹೇಗೆ ನೋಡೋಣ ಅಂತಾಳೋ ನಾನೂ ನೋಡ್ತೀನಿ.

ಅಭ್ಯಾಸ ಶುರುವಾಯ್ತು. ಅಬ್ಬಾ, ಉಪವಾಸ ಬೇಕಾದ್ರೂ ಇರಬಹುದು! ಮೊದಲ ದಿನ ತಿಂಡಿ ಮುಗಿಯೋವರೆಗೆ ಸುಮ್ಮನಿದ್ದೆ. ಚಿಕ್ಕಮ್ಮ ಸೂಜಿಯೆಲ್ಲ ಬಾಯಿಂದ ತೆಗೆದು ನನ್ನ ಹಣೆ ಮುಟ್ಟಿ ನೋಡಿದಳು. ಎರಡನೇ ದಿನ ಉಪ್ಪುನೀರು ಮುಕ್ಕಳಿಸು ಅಂದಳು. ಮೂರನೇ ದಿನ ಚಿಕ್ಕಪ್ಪ ಮೆಲ್ಲಗೆ ಕೇಳಿದ್ರು, “ಯಾರ ಜೊತೆ ಜಗಳ ಆಡಿದ್ದೀಯಮ್ಮ? ಸ್ಕೂಲಿಗೆ ನಾನು ಬರಬೇಕಾ?” ಕಡ್ಡಿಗೆ ಒಂದು ಕೆಲಸ ಕೊಟ್ಟಿದ್ದೆ, ನಾನು ಮಾತಾಡಿದರೆ ಚಿವುಟಬೇಕು ಅಂತ. ಹೆಸರಿಗೆ ತಕ್ಕ ಹಾಗೆ ಕಡ್ಡಿ, ಆದರೆ ಬೆರಳು ಇಕ್ಕಳ. ವಾರ ಮುಗಿಯೋ ಹೊತ್ತಿಗೆ ನನ್ನ ಎಡಗೈ ನೀಲಿಯಾಗಿತ್ತು. ವಿಜ್ಞಾನದ ಮೇಷ್ಟ್ರು ಪಾಠದ ಮಧ್ಯೆ ಎರಡೆರಡು ಸಲ ನಿಲ್ಲಿಸಿ ನನ್ನ ಕಡೆ ನೋಡಿದ್ರು. ಆಮೇಲೆ ಕುರ್ಚಿ ಕೆಳಗೆ ಬಗ್ಗಿ ನೋಡಿದ್ರು, ನಾನೇನೋ ಇಟ್ಟಿದ್ದೀನಿ ಅಂತ.

ಹೊರಡೋ ಹಿಂದಿನ ಭಾನುವಾರ ಫೋನಲ್ಲಿ ಅಮ್ಮನಿಗೆ ಇದ್ಯಾವುದನ್ನೂ ಹೇಳಲಿಲ್ಲ. ಬರ್ತಿದ್ದೀವಿ ಅಂತಷ್ಟೇ ಹೇಳಿದೆ.

“ಬಾ ಬಾ” ಅಂದಳು. ಗಂಟಲು ಅಪರೂಪಕ್ಕೆ ಹಗುರಾಗಿತ್ತು. “ನೀನು ಬಂದಿದ್ದೀಯ ಅಂತ ನನಗೆ ಯಾರೂ ಹೇಳೋದೇ ಬೇಡ. ಜಿಂಕೆ ಬಯಲಿಂದಲೇ ನಿನ್ನ ದನಿ ಬರುತ್ತೆ. ಮರಿಗಳಿಗೆ ಅದು ದೂರದ ಗದ್ದಲ ಅಷ್ಟೇ, ಗಾಳಿ ಇದ್ದ ಹಾಗೆ. ನಾನು ಹೆಕ್ಕಿಕೊಳ್ತೀನಿ. ಕೇಳಿದ ಕೂಡಲೇ ಪಾಳಿ ಬದಲಾಯಿಸಿಕೊಂಡು ಓಡಿಬರ್ತೀನಿ, ಇಬ್ಬರೂ ಒಟ್ಟಿಗೆ ಊಟ ಮಾಡೋಣ.”

ರೇಗಿಸ್ತಿದ್ದಾಳೆ ಅಂದುಕೊಂಡೆ. ಎಲ್ಲರೂ ರೇಗಿಸೋದು ಹಾಗೇ ತಾನೇ? ಇರು ಇರು, ಆ ದಿನ ಬರಲಿ ಅಂತ ಒಳಗೊಳಗೇ ನಕ್ಕೆ.

ಆ ದಿನ ಬಂತು. ಬಸ್ಸಲ್ಲಿ ಎಲ್ಲರೂ ಹಾಡ್ತಿದ್ರು, ಕಿರುಚ್ತಿದ್ರು, ಒಬ್ಬ ಹುಡುಗ ವಾಂತಿ ಮಾಡಿಕೊಂಡ. ಇಂಥ ಒಂದೊಂದಕ್ಕೂ ನನ್ನ ಹತ್ತಿರ ಹತ್ತತ್ತು ಮಾತಿತ್ತು. ನುಂಗಿದೆ. ಉದ್ಯಾನದ ಗೇಟಲ್ಲಿ ಇನ್ನೂ ಎರಡು ಸ್ಕೂಲಿನ ಬಸ್ಸು ನಿಂತಿದ್ದವು, ಎಲ್ಲರದ್ದೂ ನಮ್ಮ ಹಾಗೇ ನೀಲಿ ಬಟ್ಟೆ. ಹುಲಿ ಮಲಗಿತ್ತು, ಬಾಲ ಮಾತ್ರ ಡ್ಯೂಟಿ ಮೇಲಿತ್ತು. ನೀರಾನೆ ಭಾನುವಾರ ಊಟ ಆದಮೇಲೆ ಚಿಕ್ಕಪ್ಪ ಕೂರೋ ಹಾಗೇ ಕೂತು, ಹಾಗೇ ಕಣ್ಣು ಮುಚ್ಚಿತ್ತು. ಇದನ್ನ ಹೇಳದೇ ಇದ್ದರೆ ಹೊಟ್ಟೆ ಒಡೆದು ಸಾಯ್ತೀನಿ ಅನ್ನಿಸ್ತು. ಕಡ್ಡಿಗೆ ಕೈಸನ್ನೆ ಮಾಡಿದೆ. ಅವಳಿಗೆ ಅರ್ಥವಾಗದೆ ಟಾಯ್ಲೆಟ್ ತೋರಿಸಿದಳು. ಜಿಂಕೆ ಬಯಲಿನ ಹತ್ತಿರ ನಮ್ಮವರೆಲ್ಲ ಕೂಗಾಡಿದ್ದೇ ಕೂಗಾಡಿದ್ದು. ನಾನು ಬೇಲಿ ಹಿಡಿದು ತುಟಿ ಕಚ್ಚಿ ನಿಂತಿದ್ದೆ. ಕೆರೆಯ ಆಚೆ ಒಂದು ಉದ್ದನೆಯ ಹಸಿರು ಗೋಡೆ ಕಾಣ್ತಿತ್ತು. ಅಮ್ಮ ಅದರ ಹಿಂದೆ ಇದ್ದಳು.

ಗೈಡು ನಮ್ಮನ್ನ ಹತ್ತತ್ತು ಜನರ ಗುಂಪು ಮಾಡಿ ಕರ್ಕೊಂಡು ಹೋದ. ಸಾರಸದ ಮನೆಯ ಬಾಗಿಲಲ್ಲಿ ಎಲ್ಲರ ಚಪ್ಪಲಿ ಬಿಚ್ಚಿಸಿದ. “ಇಲ್ಲಿಂದ ಒಳಗೆ ಒಂದು ಮಾತು ಕೂಡದು. ಸೀನು ಬಂದರೆ ಈಚೆ ಬಂದುಬಿಡಿ” ಅಂತ ಪಿಸುಗುಟ್ಟಿದ. ಮೇಷ್ಟ್ರು ಅಭ್ಯಾಸಬಲದಿಂದ ನನ್ನ ಕಡೆ ಬೆರಳೆತ್ತಿದ್ರು, ಆಮೇಲೆ ಅವರಿಗೇ ಏನೋ ಅನ್ನಿಸಿ ಇಳಿಸಿದ್ರು. ಒಳಗೆ ಕತ್ತಲು. ಗೋಡೆಯಲ್ಲಿ ಕಣ್ಣಿನ ಮಟ್ಟಕ್ಕೆ ತೆಳು ಸಂದಿಗಳು. ನಾವು ಅವರನ್ನ ನೋಡಬಹುದು, ಅವರಿಗೆ ನಾವು ಕಾಣಲ್ಲ.

ಸಂದಿಯಾಚೆ ಬಿಸಿಲು, ಹುಲ್ಲು, ಒಂದು ಸಣ್ಣ ಹೊಂಡ. ಬಿಳಿ ನಿಲುವಂಗಿಯವರು ಇಬ್ಬರಿದ್ರು. ಮುಖ ಇಲ್ಲ, ಕೂದಲಿಲ್ಲ, ಒಂದೇ ಎತ್ತರ. ಯಾರು ಅಂತ ಹೇಗೆ ಹೇಳೋದು? ಆಮೇಲೆ ಅವರಲ್ಲೊಬ್ಬರು ನಿಂತಲ್ಲೇ ಬಲಗಾಲಿನ ಹಿಮ್ಮಡಿಯನ್ನ ಎಡಗಾಲಿಗೆ ಉಜ್ಜಿಕೊಂಡರು. ಅಡುಗೆಮನೆಯಲ್ಲಿ ಒಲೆ ಮುಂದೆ ನಿಂತಾಗ ಅಮ್ಮ ಹಾಗೇ ಉಜ್ಜಿಕೊಳ್ಳೋದು.

ಅಮ್ಮ ಬೊಂಬೆಯ ಕೊಕ್ಕನ್ನ ನೀರಿಗೆ ಅದ್ದಿ, ಒಂದು ಹುಳ ಎತ್ತಿ, ಮರಿಯ ಮುಂದೆ ಹಿಡಿದಳು. ಮರಿ ಕೋಲುಕಾಲಿನ ಮೇಲೆ ತೂಗಾಡ್ತಾ ಬಂದು ತಿಂತು. ಇನ್ನೊಂದು ಸಲ. ಮತ್ತೊಂದು ಸಲ. ಅಮ್ಮನಿಗೆ ಎಷ್ಟು ತಾಳ್ಮೆ! ನಾನು ತಿನ್ನದೇ ಹಟ ಮಾಡಿದರೆ ತಟ್ಟೆ ಎತ್ತಿಟ್ಟು ಹೋಗ್ತಿದ್ದವಳು. ಆಮೇಲೆ ಅವಳು ಹುಲ್ಲಿನ ಮೇಲೆ ಮಂಡಿಯೂರಿ ಕೂತಳು, ಮರಿ ಬಂದು ನಿಲುವಂಗಿಯ ಅಂಚಿನೊಳಗೆ ನುಗ್ಗಿ ಮಲಗಿಬಿಡ್ತು. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ಉರೀತು. ಹಕ್ಕಿ ಮೇಲೆ ಹೊಟ್ಟೆಕಿಚ್ಚು, ನಾಚಿಕೆಗೇಡು! ಆದರೆ ಅದು ಮಲಗಿದ ಜಾಗ ನನ್ನದು. ಗಂಟಲ ತನಕ ‘ಅಮ್ಮ’ ಬಂತು. ಎರಡೂ ಕೈಲಿ ಬಾಯಿ ಅದುಮಿಕೊಂಡೆ.

ಆಗ ಅಮ್ಮ ಎದ್ದಳು. ಮರಿಯನ್ನ ಮೆಲ್ಲಗೆ ಸರಿಸಿ ನಾವಿದ್ದ ಗೋಡೆಯ ಕಡೆಗೇ ನಡೆದು ಬಂದಳು. ನನ್ನಿಂದ ಒಂದು ಮಾರು ದೂರ ಇರಬಹುದು, ಬಲೆಯ ಹಿಂದೆ ಉಸಿರಾಡೋದು ಕಾಣ್ತಿತ್ತು. ತಲೆಯನ್ನ ಒಂದು ಕಡೆ ವಾಲಿಸಿ ನಿಂತಳು. ನಿಂತೇ ಇದ್ದಳು. ಗೊತ್ತಾಗಿದೆ ಅವಳಿಗೆ, ಅಂದುಕೊಂಡೆ. ನಾನಿಲ್ಲಿದ್ದೀನಿ, ಬಾಯಿ ಬಿಡದೇ ಇದ್ದೀನಿ ಅಂತ ಅವಳಿಗೆ ಗೊತ್ತಾಗಿದೆ, ಪರೀಕ್ಷೆ ಮಾಡ್ತಿದ್ದಾಳೆ! ಉಸಿರು ಕೂಡ ಹಿಡಿದುಬಿಟ್ಟೆ. ಗೈಡು ನಮ್ಮ ಗುಂಪಿನವರ ಭುಜ ತಟ್ಟಿ ಹೊರಡಿ ಅಂತ ಸನ್ನೆ ಮಾಡಿದಾಗಲೂ ಅವಳು ಅಲ್ಲೇ ಇದ್ದಳು. ಆಚೆ ಬಂದು ಚಪ್ಪಲಿ ಹಾಕ್ಕೊಳ್ಳುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಗೆದ್ದೆ ಅಂದುಕೊಂಡೆ.

ಊಟದ ಹೊತ್ತಿಗೆ ಕೆಲಸದವರ ಗೇಟಿನ ಎದುರಿಗಿದ್ದ ಕಲ್ಲುಬೆಂಚಿನ ಮೇಲೆ ಕೂತೆ. ಆ ಗೇಟಿರೋದು ದಿಬ್ಬದ ಮೇಲೆ, ಸಾರಸದ ಮನೆಯಿಂದ ಸಾಕಷ್ಟು ದೂರ, ಬಸ್ಸುಗಳು ನಿಲ್ಲೋದೂ ಅಲ್ಲೇ. ಚಿಕ್ಕಮ್ಮ ಇಬ್ಬರಿಗಾಗುವಷ್ಟು ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟಿದ್ದಳು. ಡಬ್ಬಿ ತೆಗೆಯದೇ ಕಾದೆ. ಅಡುಗೆಯವರು ಬಂದರು, ಹುಲ್ಲಿನ ಗಾಡಿಯವನು ಬಂದ, ನೀಲಿ ಬೂಟಿನ ಪ್ರಾಣಿವೈದ್ಯೆ ಬಂದರು. ಗೇಟು ಕಿರುಗುಟ್ಟಿದಾಗೆಲ್ಲ ಎದ್ದು ನಿಂತೆ. ಕಡ್ಡಿ ಬಂದು ಪಕ್ಕದಲ್ಲಿ ಕೂತಳು. “ಹೋಗಿ ಕೇಳೇ, ವಾಚ್‌ಮನ್ ಅಲ್ಲೇ ಇದ್ದಾನಲ್ಲ” ಅಂದಳು. ತಲೆ ಅಲ್ಲಾಡಿಸಿದೆ. ಸಂಜೆವರೆಗೆ ಮಾತಿಲ್ಲ ಅಂದ್ರೆ ಮಾತಿಲ್ಲ. ಬರ್ತೀನಿ ಅಂದವಳು ಬರ್ತಾಳೆ.

ಬರಲಿಲ್ಲ.

ಬೇರೆ ಸ್ಕೂಲಿನ ಬಸ್ಸುಗಳು ಹೊರಟುಹೋದವು. ಮೇಷ್ಟ್ರು ಸೀಟಿ ಊದಿ ತಲೆ ಎಣಿಸೋಕೆ ಶುರು ಮಾಡಿದ್ರು. ನಾನು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನ ಎತ್ತೋಕಾಗದೆ ನಿಂತೆ. ಕಣ್ಣಲ್ಲಿ ನೀರು ಧಾರಾಕಾರ. ಇಷ್ಟೆಲ್ಲ ಮಾಡಿದ್ದು ಯಾರಿಗೋಸ್ಕರ? ಒಂದು ಸಲ ಈಚೆ ಬಂದು ಮುಖ ತೋರಿಸೋಕೆ ಆಗಲ್ವಾ ಅವಳಿಗೆ? ಬೆಳಿಗ್ಗೆಯಿಂದ ನುಂಗಿದ ಮಾತೆಲ್ಲ ಒಟ್ಟಿಗೆ ಕಹಿಯಾಗಿ ಮೇಲೆ ಬಂತು, ಆದರೂ ಬಾಯಿ ಬಿಡಲಿಲ್ಲ. ನನಗೂ ಹಟ ಇದೆ.

ಬಾಯಿ ಬಿಟ್ಟವಳು ಕಡ್ಡಿ. “ಸಾರ್, ಅವಳ ಅಮ್ಮ ಇಲ್ಲೇ ಕೆಲಸ ಮಾಡೋದು ಸಾರ್! ಸಾರಸದ ಮನೆಯಲ್ಲಿ. ಬೆಳಿಗ್ಗೆಯಿಂದ ಕಾಯ್ತಿದ್ದಾಳೆ, ಊಟವೂ ಮಾಡಿಲ್ಲ!”

ಮೇಷ್ಟ್ರು ನನ್ನ ಮುಖ ನೋಡಿದ್ರು. “ನಿಮ್ಮಮ್ಮ ಇಲ್ಲಿದ್ದಾರಾ? ನನಗ್ಯಾಕೆ ಹೇಳಲಿಲ್ಲ? ಊರಿನ ಸುದ್ದಿಯೆಲ್ಲ ಹೇಳೋಳು, ನಿನ್ನ ಬಾಯಿಗೆ ಇವತ್ತೇನಾಗಿದೆಯಮ್ಮಾ?” ಅಂತ ಗದರಿ, ನನ್ನ ಉತ್ತರಕ್ಕೂ ಕಾಯದೆ ವಾಚ್‌ಮನ್ ಹತ್ತಿರ ಓಡಿದ್ರು. ಅವರು ಓಡೋದನ್ನ ನಾವ್ಯಾರೂ ಅಲ್ಲಿವರೆಗೆ ನೋಡಿರಲಿಲ್ಲ. ವಾಚ್‌ಮನ್ ಒಳಗೆ ಹೋದ.

ಸ್ವಲ್ಪ ಹೊತ್ತಲ್ಲೇ ಅಮ್ಮ ಬಂದಳು. ನಿಲುವಂಗಿ ಬಿಚ್ಚೋಕೂ ನಿಂತಿರಲಿಲ್ಲ, ಮುಸುಕು ಮಾತ್ರ ಹಿಂದಕ್ಕೆ ಸರಿಸಿದ್ದಳು, ಕೂದಲೆಲ್ಲ ಬೆವರಿಗೆ ತಲೆಗಂಟಿತ್ತು. ಗೇಟಿನ ಕಂಬಿ ಹಿಡಿದು ಏದುಸಿರು ಬಿಟ್ಟಳು. ನಾನು ಅಂದುಕೊಂಡಿದ್ದಕ್ಕಿಂತ ಸಣ್ಣಗಾಗಿದ್ದಳು. ಅಥವಾ ನಾನು ಉದ್ದವಾಗಿದ್ದೆನೋ.

“ನೀನು ಬಂದಿದ್ಯಾ?” ಅಂದಳು.

ಬಂದಿದ್ಯಾ ಅಂದ್ರೆ?

“ಬಂದಿಲ್ಲ ಅಂದುಕೊಂಡೆ ಕಣೇ. ಜ್ವರವೋ ಏನೋ, ಚಿಕ್ಕಮ್ಮ ಕಳಿಸಲಿಲ್ಲವೇನೋ ಅಂತ. ಬೆಳಿಗ್ಗೆಯಿಂದ ಕಿವಿ ನೆಟ್ಟಗೆ ಮಾಡಿಕೊಂಡಿದ್ದೀನಿ. ಜಿಂಕೆ ಬಯಲಿಂದ ಎಷ್ಟು ಮಕ್ಕಳ ದನಿ ಬಂತು, ಒಂದೊಂದನ್ನೂ ಹೆಕ್ಕಿ ನೋಡಿದೆ. ಯಾವುದೂ ನಿನ್ನದಲ್ಲ. ಒಂದೊಂದು ಗುಂಪು ಬಂದಾಗಲೂ ಗೋಡೆ ಹತ್ರ ಬಂದು ನಿಂತೆ. ಅಷ್ಟು ಹತ್ರ ಬಂದ್ರೆ ಒಂದು ಪಿಸುಮಾತಾದ್ರೂ ಕೇಳುತ್ತೆ, ನೀನು ಸುಮ್ಮನಿರೋ ಪೈಕಿ ಅಲ್ಲವಲ್ಲ ಅಂತ...”

ಗೋಡೆ ಹತ್ತಿರ ತಲೆ ವಾಲಿಸಿ ನಿಂತಿದ್ದು ಅದಕ್ಕೆ. ನಾನು ಉಸಿರು ಹಿಡಿದಿದ್ದಾಗ ಅವಳು ನನ್ನನ್ನೇ ಹುಡುಕ್ತಿದ್ದಳು.

“ನಾನಲ್ಲೇ ಇದ್ದೆ” ಅಂದೆ. ದಿನದ ಮೊದಲ ಮಾತು. ದನಿ ನನ್ನದಲ್ಲ ಅನ್ನೋ ಹಾಗೆ ಕಿರ್ ಅಂತ ಬಂತು. “ಮೂರನೇ ಸಂದಿಯಲ್ಲಿ. ನೀನು ನನ್ನ ಎದುರಿಗೇ ಇದ್ದೆ.”

“ಮತ್ತೆ?”

“ಸುಮ್ಮನಿದ್ದೆ. ಬೆಳಿಗ್ಗೆಯಿಂದ ಸುಮ್ಮನಿದ್ದೀನಿ. ಸಾರ್‌ನ ಕೇಳು ಬೇಕಾದ್ರೆ. ಒಂದು ವಾರದಿಂದ ಅಭ್ಯಾಸ ಮಾಡಿದ್ದೀನಿ.” ತೋಳು ಮೇಲೆತ್ತಿ ಕಡ್ಡಿ ಚಿವುಟಿದ ಗುರುತು ತೋರಿಸಿದೆ. “ಎರಡು ನಿಮಿಷ ಬಾಯಿ ಮುಚ್ಚಲ್ಲ ಅಂದ್ಯಲ್ಲ? ಇಡೀ ದಿನ ಮುಚ್ಚಿದ್ದೀನಿ. ಈಗ ನನ್ನ ಇಟ್ಟುಕೊಳ್ತೀಯಾ? ಮರಿಗಳಿಗೆ ನಾನಿರೋದೇ ಗೊತ್ತಾಗಲ್ಲ ಅಮ್ಮ. ನಿನಗೇ ಗೊತ್ತಾಗಲಿಲ್ಲ, ಅವಕ್ಕೇನು ಗೊತ್ತಾಗುತ್ತೆ?”

ಅಮ್ಮನ ಮುಖ ಅರಳುತ್ತೆ ಅಂದುಕೊಂಡಿದ್ದೆ. ಅರಳಲಿಲ್ಲ. ನನ್ನ ತೋಳು ಹಿಡಿದು ಆ ನೀಲಿ ಗುರುತುಗಳನ್ನ ಹೆಬ್ಬೆರಳಲ್ಲಿ ಸವರಿದಳು. ಬಲಗೈಯಲ್ಲಿ ಬೊಂಬೆ ತಲೆ ಇನ್ನೂ ಇತ್ತು, ಅದನ್ನ ತೆಗೆಯೋದು ಮರೆತಿದ್ದಳು. ಹಾಗೇ ಕುಸಿದು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಳು.

“ನಿಮ್ಮಪ್ಪ ಹೋದಾಗ ನನಗೆ ಮಾತು ಬೇಡವಾಗಿತ್ತು ಪುಟ್ಟಿ. ಅದಕ್ಕೆ ಇಲ್ಲಿಗೆ ಬಂದೆ. ನಿನಗೆ ಬೇಡವಾಗಿದೆಯಾ?”

ನಾನು ತಲೆ ಅಲ್ಲಾಡಿಸಿದೆ.

“ಒಳಗಿರೋವು ಐದು ಮರಿ. ಐದನ್ನೂ ಎದೆಗೊತ್ತಿ ಸಾಕ್ತೀನಿ. ಒಂದಕ್ಕೂ ನನ್ನ ಮುಖ ಗೊತ್ತಿಲ್ಲ, ದನಿ ಗೊತ್ತಿಲ್ಲ. ಹಾರೋ ದಿನ ತಿರುಗಿ ನೋಡದೇ ಹೋಗ್ತವೆ. ಹೋಗಲಿ, ಅದೇ ಸರಿ, ಅದಕ್ಕೇ ಸಾಕೋದು. ಆದರೆ ಹುಟ್ಟೋ ಮುಂಚೆಯಿಂದ ನಾನು ಮಾತಾಡಿಸಿದ್ದು ಒಬ್ಬಳನ್ನೇ. ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ಗಂಟೆಗಟ್ಟಲೆ ಮಾತಾಡ್ತಿದ್ದೆ, ನಿಮ್ಮಪ್ಪ ನಗೋರು. ನಿನ್ನ ಬಾಯಿ ಎಲ್ಲಿಂದ ಬಂತು ಅಂದುಕೊಂಡಿದ್ದೀಯ? ಅವಳಿಗೂ ಬಾಯಿ ಮುಚ್ಚಿಸಿ ಸಾಕಲಾ?” ಅಂತ ನಿಲ್ಲಿಸಿದಳು. ಗಂಟಲು ಅಷ್ಟು ಮಾತಿಗೇ ಸೋತಿತ್ತು. ಮತ್ತೆ ಅಂದಳು, “ನೀನು ಆ ಗೋಡೆ ಹಿಂದೆ ನಿಂತಿದ್ದೆ, ನನಗೆ ಗೊತ್ತೇ ಆಗಲಿಲ್ಲ. ಇವತ್ತಿನ ಹಾಗೆ ಇನ್ನೊಂದು ದಿನ ಬೇಡ. ಚಿಕ್ಕಮ್ಮನ ಜೊತೆ ಹೋಗು.”

ಮೊದಲ ಸಲ ಅವಳು ನೋಡೋಣ ಅನ್ನಲಿಲ್ಲ.

“ಹಾಗಾದ್ರೆ ನೀನು ಬಾ!” ಅಂತ ಕಿರುಚಿದೆ. ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಹೊರಬಂದವು, ಬರಲಿ. “ಇದನ್ನೆಲ್ಲ ಬಿಟ್ಟು ನೀನು ಬಾ. ಐದು ಹಕ್ಕಿಗೆ ತಾಯಿ ಆಗ್ತೀಯ, ನನಗೆ ಭಾನುವಾರ ಮಾತ್ರ! ನನಗೇನು ಕಮ್ಮಿ? ನನಗೆ ಪುಕ್ಕ ಇಲ್ಲ ಅಂತಾನಾ?”

ಅಮ್ಮನಿಗೆ ಅಳೂ ನಗೂ ಒ‌ಟ್ಟಿಗೇ ಬಂತು. ನನ್ನನ್ನ ಎಳೆದು ನಿಲುವಂಗಿಯೊಳಗೆ ಸೇರಿಸಿಕೊಂಡಳು. ಒಳಗೆ ಹುಲ್ಲಿನ ವಾಸನೆ, ಮೀನಿನ ವಾಸನೆ, ಅದರ ಕೆಳಗೆ ಎಲ್ಲೋ ಅಮ್ಮನ ವಾಸನೆ. “ಬೈಯಿ” ಅಂದಳು ನನ್ನ ತಲೆ ಮೇಲೆ ಗದ್ದ ಇಟ್ಟು. “ಇನ್ನೂ ಬೈಯಿ.” ನಾನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಬೈತಾ ಬೈತಾ ಅವಳ ಸೊಂಟ ಬಿಗಿಯಾಗಿ ಹಿಡಿದುಕೊಂಡೆ. ಬರ್ತೀಯಾ ಅಂತ ಮತ್ತೆ ಕೇಳಿದಾಗ, “ಗೊತ್ತಿಲ್ಲ ಕಣೇ. ನನಗೆ ಬೇರೆ ಕಡೆ ಇರೋಕೆ ಮತ್ತೆ ಬರುತ್ತೋ ಇಲ್ಲವೋ, ನಿಜವಾಗಿ ಗೊತ್ತಿಲ್ಲ” ಅಂದಳು. ಅದು ಸುಳ್ಳಲ್ಲ ಅಂತ ನನಗೆ ಗೊತ್ತಾಯ್ತು, ಅದೇ ಹೆಚ್ಚು ನೋವಾಯ್ತು.

ಡ್ರೈವರ್ ಹಾರ್ನ್ ಮಾಡಿದ. ಮೇಷ್ಟ್ರು ದೂರದಲ್ಲಿ ಬೆನ್ನು ತಿರುಗಿಸಿ ನಿಂತು, ಸುಮ್ಮನೆ ಗಡಿಯಾರ ನೋಡಿಕೊಳ್ತಿದ್ರು. ಅಮ್ಮ ನನ್ನ ಮುಖ ಒರೆಸಿದಳು. ಬೆನ್ನ ಮೇಲೆ ಆ ಬೊಂಬೆಯ ಕೊಕ್ಕು ಒತ್ತುತ್ತಿತ್ತು.

“ದಿಬ್ಬ ಇಳಿದ ಮೇಲೆ ಒಂದು ತಿರುವಿದೆ, ನೋಡು, ಅಲ್ಲಿಂದ ಈ ಗೇಟು ಕಾಣುತ್ತೆ. ಗಾಳಿ ಇತ್ತ ಕಡೆಗೇ ಬೀಸುತ್ತೆ, ಮರಿಗಳಿಗೆ ಏನೂ ಕೇಳಿಸಲ್ಲ. ಅಲ್ಲಿ ಒಂದು ಸಲ ಕೂಗ್ತೀಯಾ?”

“ಏನಂತ?”

“ಏನಾದ್ರೂ. ನೀನು ಹೇಳೋದೆಲ್ಲ ಏನಾದ್ರೂನೇ ಅಲ್ವಾ?”

ಡಬ್ಬಿಯನ್ನ ಅವಳ ಕೈಗೆ ಕೊಟ್ಟು ಬಸ್ ಹತ್ತಿದೆ. ಕಡ್ಡಿ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಬಸ್ಸು ದಿಬ್ಬ ಇಳೀತು. ತಿರುವು ಬಂತು. ಎದ್ದು ನಿಂತು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಗೇಟಿನ ಹತ್ತಿರ ಅಮ್ಮ ಒಂದು ಬಿಳಿ ಚುಕ್ಕೆ. ಬಾಯಿ ತೆಗೆದೆ. ಏನೂ ಬರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಬಾಯಿ ತೆಗೆದರೆ ಏನೂ ಬರಲಿಲ್ಲ.

ಮೇಷ್ಟ್ರು ಮುಂದಿನ ಸೀಟಿಂದ ಎದ್ದರು. “ಬಸ್ ನಿಲ್ಲಿಸಪ್ಪ” ಅಂದ್ರು ಡ್ರೈವರಿಗೆ. ಆಮೇಲೆ ನನ್ನ ಕಡೆ ತಿರುಗಿ, ವರ್ಷವಿಡೀ ತುಟಿ ಮೇಲೆ ಬೆರಳಿಟ್ಟು ತೋರಿಸಿದ ಅದೇ ಮನುಷ್ಯ, “ಕೂಗಮ್ಮ. ಜೋರಾಗಿ ಕೂಗು” ಅಂದ್ರು.

“ಅಮ್ಮಾ!” ಅಂತ ಕೂಗಿದೆ. “ಅಮ್ಮಾ, ನೀರಾನೆ ಚಿಕ್ಕಪ್ಪನ ಹಾಗೇ ಇದೆ!” ಬಸ್ಸೆಲ್ಲ ಘೊಳ್ ಅಂತು. “ಹುಲಿ ಸೋಂಬೇರಿ! ಬರುವಾಗ ಒಬ್ಬ ವಾಂತಿ ಮಾಡಿಕೊಂಡ! ಚಿಕ್ಕಮ್ಮ ನನಗೆ ಉಪ್ಪುನೀರು ಮುಕ್ಕಳಿಸು ಅಂದಳು! ನಿನ್ನ ಮರಿ ಚೆನ್ನಾಗಿದೆ, ಆದ್ರೂ ನನಗೆ ಇಷ್ಟ ಆಗಲಿಲ್ಲ! ಕಾಲು ಉಜ್ಜಿಕೊಂಡ್ಯಲ್ಲ, ಅದರಿಂದ ಗುರುತು ಹಿಡಿದೆ! ಮೊಟ್ಟೆ ತಿನ್ನು, ಎರಡೂ ನಿನಗೇ!”

ಅಮ್ಮ ಕೈ ಬೀಸಲಿಲ್ಲ. ಎರಡೂ ಕೈಗಳನ್ನ, ಬೊಂಬೆ ತಲೆ ಇದ್ದ ಕೈಯನ್ನೂ, ಎತ್ತಿ ಕಿವಿಗಳ ಹಿಂದೆ ಹಿಡಿದುಕೊಂಡು ನಿಂತಿದ್ದಳು.

ಬಸ್ಸು ಹೊರಟಿತು. ತಿರುವು ದಾಟಿ ಮರಗಳು ಅಡ್ಡ ಬಂದು ಗೇಟು ಕಾಣದೇ ಹೋದ ಮೇಲೂ ನಾನು ಕೂಗ್ತಾನೇ ಇದ್ದೆ. ಯಾರೂ ನನಗೆ ಸುಮ್ಮನಿರು ಅನ್ನಲಿಲ್ಲ.